ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಈ ಗ್ಯಾರೇಜ್‌ಗೆ ಕಾರನ್ನು ಧೈರ್ಯವಾಗಿ ಕೊಡಬಹುದು

ಇವರು ಮೊದಲು ಚೆಕ್ ಮಾಡುತ್ತಾರೆ, ಆಮೇಲೆ ಬಿಚ್ಚುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಅದೇ. ನಮ್ಮ ಹಳೆಯ ಪೆಟ್ರೋಲ್ ಕಾರು ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಆಗುಂಬೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಜಗ್ಗುತ್ತಿತ್ತು, ಪಿಕಪ್ಪೇ ಇಲ್ಲ. ಬೇರೆ ಕಡೆ ತೋರಿಸಿದಾಗ ಬಾನೆಟ್ ಎತ್ತಿದವರೇ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಅಂದುಬಿಟ್ಟಿದ್ದರು.

ಇಲ್ಲಿನ ಮೆಕ್ಯಾನಿಕ್ ಪೆಟ್ರೋಲ್ ಹೋಗುವ ಪೈಪಿಗೆ, ಅಂದರೆ ಫ್ಯುಯೆಲ್ ಲೈನಿಗೆ, ಒತ್ತಡ ಅಳೆಯುವ ಪ್ರೆಷರ್ ಗೇಜ್ ಹಾಕಿದರು. ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಬಿಟ್ಟಾಗ ಮುಳ್ಳು 3 ಬಾರ್ ಹತ್ತಿರ ಇತ್ತು, ರೇಸ್ ಮಾಡಿದ ಕೂಡಲೇ 2ಕ್ಕಿಂತ ಕೆಳಗೆ ಬಿತ್ತು. "ಇಂಜೆಕ್ಟರ್ ಅಲ್ಲ ಸರ್, ಪೆಟ್ರೋಲೇ ಸರಿಯಾಗಿ ಬರ್ತಿಲ್ಲ" ಅಂದರು. ಟ್ಯಾಂಕಿನೊಳಗಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿಗೆ ಬರುವ ಕರೆಂಟನ್ನೂ ಮೀಟರ್ ಇಟ್ಟು ನೋಡಿದರು, ಸರಿಯಿತ್ತು. ಆಮೇಲೆಯೇ ಲೈನಿನ ಪ್ರೆಷರ್ ಬಿಟ್ಟು, ಬ್ಯಾಟರಿ ವೈರ್ ಕಳಚಿ, ಹಿಂದಿನ ಸೀಟ್ ಎತ್ತಿ ಟ್ಯಾಂಕಿನಿಂದ ಪಂಪ್ ಹೊರತೆಗೆದಿದ್ದು. ಅದರ ಬುಡದ ಜಾಲರಿ ಫಿಲ್ಟರ್ ತುಂಬಾ ಕಪ್ಪು ಕೆಸರು ಮೆತ್ತಿಕೊಂಡಿತ್ತು, ಬೆರಳಲ್ಲಿ ಉಜ್ಜಿದರೂ ಬಿಡುತ್ತಿರಲಿಲ್ಲ.

ಟ್ಯಾಂಕ್ ತೊಳೆದರು. ಜಾಲರಿ, ಫಿಲ್ಟರ್, ಮುಚ್ಚಳದ ರಬ್ಬರ್ ಸೀಲ್ ಹೊಸದು ಹಾಕಿದರು. ಪಂಪ್ ಚೆನ್ನಾಗಿದೆ, ಸುಮ್ನೆ ಯಾಕೆ ದುಡ್ಡು ಹಾಕ್ತೀರಾ ಅಂತ ಹಳೆಯದನ್ನೇ ಕೂರಿಸಿದರು. ಹೀಗೆ ಹೇಳುವವರು ಎಷ್ಟು ಜನ ಸಿಗ್ತಾರೆ ಹೇಳಿ? ಮತ್ತೆ ಗೇಜ್ ಹಾಕಿ, ರೇಸ್ ಮಾಡಿದರೂ ಮುಳ್ಳು ಅಲ್ಲಾಡದೆ ನಿಲ್ಲುವುದನ್ನು ತೋರಿಸಿಯೇ ಬಿಲ್ ಕೊಟ್ಟರು, ಹಳೆ ಸಾಮಾನೂ ಕೈಗೆ ಬಂತು.

ಟ್ಯಾಂಕಿನ ಪೆಟ್ರೋಲೇ ಪಂಪನ್ನು ತಣ್ಣಗಿಡೋದು, ಹಾಗಾಗಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಬೇಡಿ ಅಂತಲೂ ಹೇಳಿ ಕಳಿಸಿದರು. ಕೂರೋಕೆ ಜಾಗ ಇಲ್ಲ, ರಶ್ ಜಾಸ್ತಿ. ಬೆಳಗ್ಗೆ ಬೇಗ ಹೋಗಿ. ಆದರೆ ಇಂಥ ಕೆಲಸಕ್ಕೆ ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೋಗಬೇಡಿ, ಪಂಪ್ ತೆಗೆಯೋಕೆ ಕಷ್ಟ.