ಬೀಗದ ಕೈ ಮೊಳೆಗೆ ಸಿಕ್ಕಿಸಿದ ಮೇಲೆ ಇನ್ನೇನು?

ಒಂದೇ ಸಣ್ಣಕಥೆಗೆ ಮೂರು ಮುಕ್ತಾಯ ಬರೆದು ನೋಡಿದ್ದಾಯಿತು. ಪಾತ್ರದ ಕೈ ಕೆಲಸ ಮುಗಿಸಿದಲ್ಲೇ ನಿಂತುಬಿಡುವ ಮುಕ್ತಾಯಕ್ಕೇ ನನ್ನ ಮತ.

ಕಥೆ ಇಷ್ಟು. ಮುಂಬಯಿಯ ಮಾಟುಂಗಾದ ಹೋಟೆಲಿನ ಗಲ್ಲೆಯಲ್ಲಿ ಕೂತೇ ಮುದುಕನಾದ ಸದಾನಂದ ಲಾಲ್‌ಬಾಗಿನ ಚಾಳಿನಲ್ಲಿರುವ ಪಗಡಿ ಖೋಲಿ (ಇಡುಗಂಟು ಕೊಟ್ಟು ಹಿಡಿದ ಬಾಡಿಗೆ ಕೋಣೆ) ಬಿಟ್ಟುಕೊಟ್ಟು ಕುಂದಾಪುರಕ್ಕೆ ಹೊರಟಿದ್ದಾನೆ. ಗಿರಾಕಿ ಬಾಗಿಲಲ್ಲಿದ್ದಾನೆ. ಸದಾನಂದ ಬೀಗದ ಕೈಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ, 'ಚಾ ಕುಡಿದು ಹೋಗಿ' ಅನ್ನುತ್ತಾನೆ. ಒಂದನೆಯದು ಇಲ್ಲಿಗೇ ಮುಗಿಯಿತು.

ಎರಡನೆಯದರಲ್ಲಿ ಇನ್ನೂ 45 ಪದ: ಕಿಟಕಿ, ಮಳೆ, ದೂರದಲ್ಲಿ ಕೊನೆಯ ಲೋಕಲ್. ಚೆನ್ನಾಗಿಯೇ ಇದೆ, ಆದರೆ ಯಾವ ಮುಂಬಯಿ ಕಥೆಯ ಬಾಲಕ್ಕೆ ಕಟ್ಟಿದರೂ ಒಪ್ಪುತ್ತದೆ. ಹಾಗಾಗಿ ಬೇಡ.

ಮೂರನೆಯದು 210 ಪದ. 'ಎರಡು ವರ್ಷ ಕಳೆದವು' ಎಂದು ಶುರು; ತಮ್ಮನ ಕಾಗದ, ಖೋಲಿ ಬಿಡದಿದ್ದುದಕ್ಕೆ ಕಾರಣ, ಕೊನೆಗೆ ಮಹಾನಗರದ ಬಗ್ಗೆ ಒಂದು ನಿಟ್ಟುಸಿರು. ಕತ್ತರಿ ಹಾಕಲು ಕೈ ತಡೆಯಲಿಲ್ಲ. ತೊಡಕು ಎದ್ದದ್ದು ಆಮೇಲೆ.

ಪಗಡಿ ಎಂದರೇನು ಎಂಬುದು ಆ 210 ಪದಗಳೊಳಗೇ ಇತ್ತು. ಲಾಲ್‌ಬಾಗಿನವರಿಗೆ ಹೇಳಬೇಕಿಲ್ಲ; ಧಾರವಾಡದ ಓದುಗನಿಗೆ ಸದಾನಂದ ತನ್ನದೇ ಮನೆ ಮಾರುತ್ತಿದ್ದಾನೆ ಅನಿಸುತ್ತದೆ. ಅವನು ಬಾಡಿಗೆದಾರ. ಖೋಲಿಯ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಚಾಳಿನ ಮಾಲೀಕ ಒಪ್ಪಬೇಕು, ಅವನಿಗೊಂದು ಪಾಲು ಸಲ್ಲಬೇಕು; ರೂಢಿಯಲ್ಲಿ ಸುಮಾರು ಮೂರನೇ ಒಂದು. ಇದು ಗೊತ್ತಿಲ್ಲದಿದ್ದರೆ ಬೀಗದ ಕೈ ಮೊಳೆಗೆ ಹೋದದ್ದು ಬರೀ ಮುದುಕನ ಹಟ.

ಕಾಲವನ್ನೂ ನೋಡಿಕೊಳ್ಳಬೇಕು. ಪಗಡಿ ಹಣಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ. ಅದು ಜಾರಿಯಾದದ್ದು 2000ದ ಮಾರ್ಚ್ 31ರಂದು. 1947ರ ಹಳೆ ಕಾಯ್ದೆಯಡಿ ಹಾಗೆ ಹಣ ಪಡೆಯುವುದು ಅಪರಾಧ. ಈ ಕಥೆ ನಡೆಯುವುದು 1985ರಲ್ಲಿ. ಅಂದರೆ ಚೌಕಾಸಿ ಪಿಸುದನಿಯಲ್ಲಿ, ರಸೀದಿಯಿಲ್ಲದೆ ನಡೆಯಬೇಕು.

ಈ ಮಾಹಿತಿಯನ್ನು ಮೊದಲ ಪ್ಯಾರಾಕ್ಕೆ ತಂದರೆ ಕಥೆ ಪತ್ರಿಕೆಯ ವರದಿಯಂತಾಯಿತು. ಮೊಳೆಯ ಹಿಂದಿನ ಪ್ಯಾರಾಕ್ಕೆ ತಂದರೆ ಮುಂದೇನಾಗುತ್ತದೆಂದು ಓದುಗ ವಾಸನೆ ಹಿಡಿದುಬಿಡುತ್ತಾನೆ. ಕೂತದ್ದು ಕಥೆಯ ಮೂರನೇ ಒಂದು ಭಾಗ ದಾಟಿದ ಮೇಲೆ, ದಲಾಲನ ಜತೆಗಿನ ಮಾತಿನಲ್ಲಿ: 'ಮಾಲೀಕನ ಮೂರನೇ ಪಾಲು ಕಳೆದು ನನ್ನ ಕೈಗೆ ಎಷ್ಟು?' ದಲಾಲ ಬಾಯಿಬಿಡದೆ ಬೆರಳು ಮಡಚಿ ತೋರಿಸುತ್ತಾನೆ.

'ಮತ್ತೆ' ಎಂಬ ಪದಕ್ಕೂ ಸಾಲ ತೀರಿಸಬೇಕು. ಮೊದಲ ಪುಟದಲ್ಲೇ ಸದಾನಂದ ಬೀಗದ ಕೈಯನ್ನು ಅದೇ ಮೊಳೆಯಿಂದ ತೆಗೆದಿರಬೇಕು. ಇಲ್ಲವಾದರೆ ಮುಕ್ತಾಯ ಚಿಕ್ಕದೇ ಹೊರತು ಮುಚ್ಚುವುದಿಲ್ಲ.

ಅಳೆಯುವ ಬಗೆ: ಕೊನೆಯ ಹಾಳೆಯನ್ನು ಕೆಳಗಿನಿಂದ ಒಂದೊಂದೇ ಪ್ಯಾರಾ ಮುಚ್ಚುತ್ತ ಬನ್ನಿ. ಬರೀ ವಿವರಣೆ ಮರೆಯಾದರೆ ಮುಂದುವರಿಯಿರಿ, ಘಟನೆಯೇ ಮರೆಯಾದರೆ ನಿಲ್ಲಿಸಿ.

ಮುಂಬಯಿ ಕನ್ನಡಿಗರ ಸಂಘವಾದ ಮೈಸೂರ್ ಅಸೋಸಿಯೇಷನ್‌ನಂಥ ಕಡೆ ಗಟ್ಟಿಯಾಗಿ ಓದುವಾಗ ಒಂದನೆಯದಕ್ಕೆ ಒಂದು ಕುಂದಿದೆ: ಮುಗಿಯಿತೆಂದು ಸಭೆಗೆ ತಿಳಿಯುವುದಿಲ್ಲ. ಕೊನೆಯ ಮಾತನ್ನು ನಿಧಾನಿಸಿ ಹಾಳೆ ಮಡಚಿದರೆ ಸಾಕು.

ನನ್ನ ಮಿತಿ 1,500 ಪದ. ಅದರಲ್ಲಿ ಬಾಲಕ್ಕೇ 210 ಎಂದರೆ ಏಳನೇ ಒಂದು ಭಾಗ; ಅಷ್ಟನ್ನು ದಲಾಲನ ಬೆರಳುಗಳಿಗೆ ಕೊಟ್ಟೇನು. ಮುದುಕನಾದ ಸದಾನಂದನ ಬದಲು ಅವನ ಮಗ ವರ್ಷಗಳ ಮೇಲೆ ನೆನೆದು ಹೇಳುವ ಕಥೆಯಾಗಿದ್ದರೆ ಮಾತ್ರ ಮೂರನೆಯದನ್ನೇ ಇಟ್ಟುಕೊಳ್ಳುತ್ತಿದ್ದೆ, ನಿಟ್ಟುಸಿರೊಂದನ್ನು ಬಿಟ್ಟು.