ಅಮ್ಮನ ಜೊತೆ ನಡೆಯೋಕೆ ಕಾಂಡ್ಲಾ ಕಾಡೋ, ಯಾಣವೋ?

ವಯಸ್ಸಾದವರು ಜೊತೆಗಿದ್ದರೆ ಹೊನ್ನಾವರದ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ನಡಿಗೆಯೇ ಸರಿ. ಶರಾವತಿ ಹಿನ್ನೀರಿನ ಮೇಲೆ ಹಲಗೆ ದಾರಿ, ಏರು ಹತ್ತುವ ಕೆಲಸವಿಲ್ಲ. ಸಮುದ್ರದ ಇಳಿತಕ್ಕೆ ನೀರು ಇಳಿದ ಹೊತ್ತಿಗೆ ಹೋಗಿ. ಆಗಲೇ ಬೇರುಗಳು ಕೆಸರಿನಲ್ಲಿ ಕಾಲೂರಿ ನಿಂತಂತೆ ಕಾಣುತ್ತವೆ. ನಮ್ಮ ಹೆಜ್ಜೆ ಸಪ್ಪಳಕ್ಕೆ ಒಂದು ಏಡಿ ಪಟ್ಟನೆ ಬಿಲ ಸೇರಿತು. ಅದು ಮತ್ತೆ ಬರುತ್ತದೇನೋ ಎಂದು ಅಮ್ಮ ಹತ್ತು ನಿಮಿಷ ಅಲ್ಲೇ ನಿಂತರು!

ಯಾಣದ ದಾರಿಯೂ ಚಿಕ್ಕದೇ, ಆದರೆ ಕೊನೆಗೆ ಮೆಟ್ಟಿಲು ಜಾಸ್ತಿ. ಮಂಡಿನೋವಿದ್ದರೆ ಯೋಚಿಸಿ. ಆದರೂ 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ ಮರಗಳ ನಡುವೆ ಎದುರಾದರೆ ಮಂಡಿ ಮರೆತೇಹೋಗುತ್ತದೆ, ನನಗಂತೂ. ಚಪ್ಪಲಿ ಬಿಟ್ಟು ಬಂಡೆಯ ಸಂದಿಯಲ್ಲಿ ಸುತ್ತು ಹಾಕುವಾಗ ಅಂಗಾಲಿಗೆ ಕಲ್ಲು ತಣ್ಣಗೆ. ಮಳೆಗಾಲದಲ್ಲಿ ಉಂಬಳದ ಕಾಟ, ಉಪ್ಪು ಇಟ್ಟುಕೊಳ್ಳಿ.

ಶಿರಸಿ ಕಡೆಯ ಸಹಸ್ರಲಿಂಗ? ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳೆಲ್ಲ ಶಾಲ್ಮಲೆಯ ನೀರಿನಡಿ.