ರಷ್ಯಾ ತೆರಿಗೆಗೆ ವಕೀಲರನ್ನು ಹುಡುಕಿದ ಕಥೆ: ಬಿಲ್ 18 ಲಕ್ಷ, ಕೈಗೆ ಬಂದದ್ದು 13.75

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸ್ ಇದೆ. ಒಟ್ಟು ಒಂಬತ್ತು ಜನ. ಇಲ್ಲಿನ ಮೆಕ್ಕೆಜೋಳದ ವ್ಯಾಪಾರಿಗಳಿಗೆ ಅಂತ ತೂಕ, ತೇವ, ಗೋದಾಮಿನ ಲೆಕ್ಕ ಇಡುವ ಪ್ರೋಗ್ರಾಂ ಮಾಡಿದ್ದೆವು. ದೆಹಲಿಯ ಒಂದು ಮೇಳದಲ್ಲಿ ಅದು ರಷ್ಯಾದ ರೋಸ್ತೋವ್ ಕಡೆಯ ಒಂದು ಧಾನ್ಯ ಕಂಪನಿಯವರ ಕಣ್ಣಿಗೆ ಬಿತ್ತು. ಲೈಸೆನ್ಸ್‌ಗೆ 6 ಲಕ್ಷ, ಅವರಿಗೆ ಬೇಕಾದ ಹಾಗೆ ತಿದ್ದಿಕೊಡುವುದಕ್ಕೆ 12 ಲಕ್ಷ ಅಂತ ಮಾತಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ದಿನ ಇಡೀ ಆಫೀಸಿಗೆ ಬೆಣ್ಣೆ ದೋಸೆ ಕೊಡಿಸಿದ್ದೆ.

2025ರ ಮಾರ್ಚ್‌ನಲ್ಲಿ ಲೈಸೆನ್ಸ್ ದುಡ್ಡು ಬಂತು, 6 ಲಕ್ಷದ ಬದಲು 3.75 ಲಕ್ಷ. ಜೂನ್‌ನಲ್ಲಿ ಕೆಲಸದ ದುಡ್ಡು, 12ರ ಬದಲು 10. ಬ್ಯಾಂಕಿನವರು ಫೋನ್ ಮಾಡಿ, "ರಫ್ತಿನ ಬೆಲೆ ತೋರಿಸುವ ಸಾಫ್ಟೆಕ್ಸ್ ಫಾರಂನಲ್ಲಿ 18 ಲಕ್ಷ ಅಂತ ತೋರಿಸಿದ್ದೀರಿ, ಉಳಿದದ್ದು ಎಲ್ಲಿ ಸರ್?" ಅಂತ ಕೇಳಿದರು. ಅದು ನನಗೆ ಗೊತ್ತಿದ್ದರೆ ತಾನೇ ಹೇಳೋದು?

ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಆಡಿಟರ್ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. "ಇದು ನನ್ನ ಕೈಲಿ ಆಗೋದಲ್ಲ ಕಣ್ರೀ, ರಷ್ಯಾ ಕಾನೂನು ಗೊತ್ತಿರೋರನ್ನ ಹಿಡೀರಿ" ಅಂದರು. ಹಾಗೆ ಎರಡು ಕಡೆ ದುಡ್ಡು ಕೊಟ್ಟು ನೋಡಿದೆ. ಎರಡೂ ಬೆಂಗಳೂರಿನವು. ಹೆಸರು ಹಾಕಲ್ಲ, ಒಬ್ಬರನ್ನು ಬೈದು ಇನ್ನೊಬ್ಬರನ್ನು ಹೊಗಳುವುದಿದೆ.

ಮೊದಲು ಒಂದು ಗೊಂದಲ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಹಳೇ ದೊಡ್ಡ ಹೆಸರುಗಳೇ ಸಿಗುತ್ತವೆ, ಆದರೆ 2022ರಲ್ಲಿ ಅವರೆಲ್ಲ ರಷ್ಯಾ ಬಿಟ್ಟಿದ್ದಾರೆ. ಅಲ್ಲಿನ ಆಡಿಟ್ ಕಂಪನಿಗಳಲ್ಲಿ ಇವೈ ಈಗ ಬಿ1, ಕೆಪಿಎಂಜಿ ಈಗ ಕೆಪ್ಟ್, ವಕೀಲರ ಕಂಪನಿ ಬೇಕರ್ ಮೆಕೆಂಜಿಯ ಮಾಸ್ಕೋ ಆಫೀಸ್ ಕೂಡ ಬೇರೆ ಹೆಸರಲ್ಲಿ ನಡೆಯುತ್ತಿದೆ. ಜನ ಹಳಬರೇ ಇರಬಹುದು, ಆದರೆ ಆ ಹಳೇ ಹೆಸರಿನ ಇಂಡಿಯಾ ಆಫೀಸಿಗೆ ಫೋನ್ ಮಾಡಿದರೆ ಮಾಸ್ಕೋಗೆ ದಾರಿ ಸಿಗುತ್ತೆ ಅಂದುಕೊಳ್ಳಬೇಡಿ. ನಾನು ಅಂದುಕೊಂಡು ಒಂದು ವಾರ ಕಳೆದೆ.

ಮೊದಲನೇ ಆಫೀಸ್ ದೊಡ್ಡದು. ಲಿಫ್ಟ್‌ನಿಂದ ಇಳಿದ ತಕ್ಷಣ ಕಾಫಿ ಕೊಡುವಂಥದ್ದು. 1.8 ಲಕ್ಷ ತಗೊಂಡು 38 ಪುಟದ ಅಭಿಪ್ರಾಯ ಕೊಟ್ಟರು. ಮೊದಲ 15 ಪುಟ ಭಾರತ-ರಷ್ಯಾ ತೆರಿಗೆ ಒಪ್ಪಂದದ (ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಿರಲಿ ಅಂತ ಎರಡು ದೇಶ ಮಾಡಿಕೊಂಡದ್ದು) ಇತಿಹಾಸ: 1997ರಲ್ಲಿ ಸಹಿ, 1998ರಲ್ಲಿ ಜಾರಿ. ಸರಿ ಸ್ವಾಮಿ, ನನ್ನ 4.25 ಲಕ್ಷ? ಅದಕ್ಕೆ ಕೊನೆಯಲ್ಲಿ ಒಂದು ಪ್ಯಾರಾ: ರಾಯಲ್ಟಿಗೆ, ಅಂದರೆ ಲೈಸೆನ್ಸ್ ದುಡ್ಡಿಗೆ, ಒಪ್ಪಂದದ ಪ್ರಕಾರ 10% ಮಾತ್ರ ಹಿಡಿಯಬೇಕು, ನಿಮ್ಮ ನಿವಾಸ ಪ್ರಮಾಣಪತ್ರ (ತೆರಿಗೆ ಲೆಕ್ಕದಲ್ಲಿ ನೀವು ಭಾರತದವರು ಅನ್ನುವ ಪತ್ರ) ಕಳಿಸಿ, ವಿವಾದ ಆದರೆ 'ಆರ್ಬಿಟ್ರೇಷನ್'ಗೆ (ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಮಾನ) ಹೋಗಬಹುದು.

ಆ 10% ನಿಜ. ಕೊನೇ ಮಾತು ಶುದ್ಧ ತಪ್ಪು, ಅದು ಗೊತ್ತಾಗಿದ್ದು ಎರಡನೇ ಕಡೆ ಹೋದ ಮೇಲೆ. ರಷ್ಯಾದಲ್ಲಿ 'ಅರ್ಬಿತ್ರಾಝ್' ಅಂತ ಕರೆಯೋದು ವ್ಯಾಪಾರದ ವ್ಯಾಜ್ಯ ನೋಡುವ ಸರ್ಕಾರಿ ಕೋರ್ಟನ್ನು. ತೆರಿಗೆ ಜಗಳವೂ ಅಲ್ಲಿಗೇ ಹೋಗೋದು. ನಾವು ಒಪ್ಪಂದದಲ್ಲಿ ಬರೆದುಕೊಳ್ಳುವ ಪಂಚಾಯ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೆಸರು ನೋಡಿ ಮೋಸಹೋಗೋದು ನಾನಾದರೆ ಪರವಾಗಿಲ್ಲ, ವಕೀಲರೂ ಹೋದರೆ ಹೆಂಗೆ?

ಇನ್ನೊಂದು ಎಡವಟ್ಟು ಇದಕ್ಕಿಂತ ದುಬಾರಿ ಬಿತ್ತು. ಅವರು ಹೇಳಿದರು ಅಂತ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ, ಓಡಾಡಿ, ನಿವಾಸ ಪ್ರಮಾಣಪತ್ರ ಮಾಡಿಸಿಕೊಂಡೆವು, 2025-26ರದ್ದು. ಲೈಸೆನ್ಸ್ ದುಡ್ಡು ಬಂದದ್ದು ಮಾರ್ಚ್‌ನಲ್ಲಿ! ರಷ್ಯಾದವರ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ನಮಗೆ ಬೇಕಿದ್ದದ್ದು 2024-25ರ ಪತ್ರ. ಆ ಕಾಗದಕ್ಕೆ ಮತ್ತೆ ಎರಡು ತಿಂಗಳು.

ಎರಡನೇ ಆಫೀಸ್ ಜಯನಗರದ ಒಂದು ಮನೆಯ ಮೊದಲ ಮಹಡಿ. ಒಬ್ಬರು ಮೇಡಂ, ಒಬ್ಬ ಜೂನಿಯರ್ ಹುಡುಗ, ಮಾಸ್ಕೋದಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬ ರಷ್ಯನ್ ವಕೀಲರು. ಮೇಡಂ ಮೊದಲು ಕೇಳಿದ್ದು, "ಒಪ್ಪಂದ ತಂದಿದ್ದೀರಾ?" ಅಂತ. ಹಿಂದಿನವರಿಗೂ ಒಪ್ಪಂದ ಕೊಟ್ಟಿದ್ದೆ, ಅವರು ಓದಿದ ಗುರುತು ಮಾತ್ರ ಎಲ್ಲೂ ಕಾಣಲಿಲ್ಲ. ಇವರು ನನ್ನೆದುರೇ ಪೆನ್ಸಿಲ್ ಹಿಡಿದು ಓದಿ, 4ನೇ ಪುಟದ ಒಂದು ಸಾಲಿನ ಕೆಳಗೆ ಗೆರೆ ಎಳೆದರು: ಬೆಲೆಯಲ್ಲಿ ಎಲ್ಲಾ ತೆರಿಗೆ ಸೇರಿದೆ.

"ನಿಮ್ಮ ದುಡ್ಡು ತಿಂದಿದ್ದು ಈ ಸಾಲು ಸರ್" ಅಂದರು.

ಆಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದರು. ರಷ್ಯಾದ ಕಂಪನಿ ವಿದೇಶಿ ಕಂಪನಿಯಿಂದ ಇಂಥ ಸೇವೆ, ಸಾಫ್ಟ್‌ವೇರ್ ಕೊಂಡರೆ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಹಿಡಿದು ಅಲ್ಲಿನ ಸರ್ಕಾರಕ್ಕೆ ಕಟ್ಟುವ ಹೊಣೆ ಕೊಂಡವರದ್ದೇ. ಆಗ ದರ 20%. ಬೆಲೆಯಲ್ಲಿ ತೆರಿಗೆ ಸೇರಿದೆ ಅಂದ ಮೇಲೆ 120ರಲ್ಲಿ 20 ಅವರು ಮುರಿಯುತ್ತಾರೆ. ಹಾಗಾಗಿ 12 ಲಕ್ಷದಲ್ಲಿ 2 ಲಕ್ಷ, 6 ಲಕ್ಷದಲ್ಲಿ 1 ಲಕ್ಷ ಹೋಯಿತು. ಅಲ್ಲಿನ ಸಾಫ್ಟ್‌ವೇರ್ ಪಟ್ಟಿಯಲ್ಲಿ ನೋಂದಾಯಿಸಿದ ಪ್ರೋಗ್ರಾಂ ಲೈಸೆನ್ಸ್‌ಗೆ ವ್ಯಾಟ್ ಇಲ್ಲ, ಆದರೆ ನಮ್ಮಂಥ ಹೊರಗಿನವರದ್ದು ಅದರಲ್ಲಿಲ್ಲ. ಲೈಸೆನ್ಸ್‌ನ ಉಳಿದ 5 ಲಕ್ಷದ ಮೇಲೆ ಆದಾಯ ತೆರಿಗೆ 25%, ಅಂದರೆ 1.25 ಲಕ್ಷ. 2025ರ ಜನವರಿಗೆ ಮುಂಚೆ ಅದು 20% ಇತ್ತು. ನಮ್ಮ ಪತ್ರ ಮೊದಲೇ ಅವರ ಕೈಲಿದ್ದಿದ್ದರೆ 10%, 50 ಸಾವಿರಕ್ಕೆ ಮುಗಿಯುತ್ತಿತ್ತು. ಹೆಚ್ಚು ಹೋದ 75 ಸಾವಿರವನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳೋಣ ಅಂದರೆ ಅದೂ ಆಗಲ್ಲ. ಎರಡು ದೇಶಗಳ ತೆರಿಗೆ ಒಪ್ಪಂದಕ್ಕಿಂತ ಜಾಸ್ತಿ ಹಿಡಿದದ್ದನ್ನು ರಷ್ಯಾದಿಂದಲೇ ವಾಪಸ್ ಕೇಳಬೇಕು.

ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕೇಸ್ ಹಾಕೋಣ ಅಂದೆ. ಮೇಡಂ ನಕ್ಕರು. ವ್ಯಾಟ್ ವಿಷಯದಲ್ಲಿ ಆ ರಷ್ಯಾ ಕಂಪನಿಯವರು ತಪ್ಪೇ ಮಾಡಿಲ್ಲ, ಕೇಸ್ ಯಾರ ಮೇಲೆ? ನಿಜವಾಗಿ ವಿವಾದ ಆದರೆ ಮೊದಲು ಮೇಲಿನ ತೆರಿಗೆ ಕಚೇರಿಗೆ ಮೇಲ್ಮನವಿ ಹಾಕಲೇಬೇಕು, ಅದಾದ ಮೇಲೆ ಮೂರು ತಿಂಗಳೊಳಗೆ ಕೋರ್ಟು. ತೆರಿಗೆ ಇಲಾಖೆಯ ನಿರ್ಧಾರ ಪ್ರಶ್ನಿಸಲು ಕಂಪನಿಗಳಿಗೆ ಇದ್ದ ಕೋರ್ಟ್ ಶುಲ್ಕ 3,000 ರೂಬಲ್. 2024ರ ಸೆಪ್ಟೆಂಬರ್‌ನಿಂದ ಅದನ್ನು 50,000 ಮಾಡಿದ್ದಾರೆ. ಇಷ್ಟು ಹೇಳಿ, ತಮಗೇ ಸಿಗಬಹುದಾಗಿದ್ದ ಕೇಸನ್ನು ತಾವೇ ಬೇಡ ಅಂದರು. ಅಲ್ಲಿಗೇ ನನಗೆ ನಂಬಿಕೆ ಬಂತು.

ಅವರು ಕೊಟ್ಟ ಉಪಾಯ ನೋಡಿ. ಕೊಂಡವರು ಹೀಗೆ ಕಟ್ಟಿದ ವ್ಯಾಟನ್ನು ಮಾಮೂಲಿ ವ್ಯಾಟ್ ಕಟ್ಟುವ ಕಂಪನಿಯಾದರೆ ತಮ್ಮ ಲೆಕ್ಕದಲ್ಲಿ ಮತ್ತೆ ಕಳೆದುಕೊಳ್ಳಬಹುದು, ನಮ್ಮ ಜಿಎಸ್‌ಟಿ ಇನ್‌ಪುಟ್ ಇದ್ದ ಹಾಗೆ. ಅಂದರೆ ನನ್ನ 3 ಲಕ್ಷ ಹೋಯಿತು, ಅವರದ್ದೇನೂ ಹೋಗಲಿಲ್ಲ. ಹಾಗಾದರೆ ಮುಂದಿನ ಕೆಲಸಕ್ಕೆ "ಬೆಲೆಯ ಮೇಲೆ ರಷ್ಯಾ ವ್ಯಾಟ್ ಪ್ರತ್ಯೇಕ, ಅದನ್ನು ಕೊಂಡವರೇ ಕಟ್ಟತಕ್ಕದ್ದು" ಅಂತ ಬರೆಯಿರಿ ಅಂದರೆ ಅವರಿಗೆ ಒಪ್ಪಿಕೊಳ್ಳಲು ಕಷ್ಟ ಇಲ್ಲ. ಮಾಸ್ಕೋ ವಕೀಲರು ರೋಸ್ತೋವ್‌ನ ಅಕೌಂಟೆಂಟ್ ಜೊತೆ ರಷ್ಯನ್‌ನಲ್ಲೇ ಇಪ್ಪತ್ತು ನಿಮಿಷ ಮಾತಾಡಿದರು. ಮೂರನೇ ದಿನ ತಿದ್ದುಪಡಿಗೆ ಸಹಿ ಬಂತು.

75 ಸಾವಿರ ವಾಪಸ್ ಕೇಳುವ ಅರ್ಜಿಗೆ ಮೂರು ವರ್ಷದ ಗಡುವಿದೆ. ನಿವಾಸ ಪತ್ರಕ್ಕೆ ಅಪೋಸ್ಟಿಲ್ (ವಿದೇಶದಲ್ಲೂ ನಡೆಯಲಿ ಅಂತ ನಮ್ಮ ಸರ್ಕಾರ ಕೊಡುವ ದೃಢೀಕರಣ) ಅಂಟಿಸಿ, ರಷ್ಯನ್‌ಗೆ ಅನುವಾದ ಮಾಡಿಸಿದೆವು. ಕಳಿಸುವ ಹಿಂದಿನ ದಿನ ಮಾಸ್ಕೋದಿಂದ ಫೋನ್. ಇಂಗ್ಲಿಷ್‌ನಲ್ಲಿ ನಮ್ಮ ಊರನ್ನು ಒಂದು ಕಾಗದದಲ್ಲಿ 'ದಾವಣಗೆರೆ' ಅಂತಲೂ ಇನ್ನೊಂದರಲ್ಲಿ 'ದಾವಣ್ಗೆರೆ' ಅಂತಲೂ ಬರೆದಿದ್ದಾರೆ, ಅನುವಾದಕರು ಅದನ್ನು ಹಾಗೇ ಎರಡು ಊರು ಮಾಡಿಟ್ಟಿದ್ದಾರೆ! ಎಲ್‌ಐಸಿ ಬಾಂಡ್‌ನಿಂದ ಬಸ್ ಬೋರ್ಡ್‌ವರೆಗೂ ನಾವು ದಿನಾ ನೋಡುವ ಎಡವಟ್ಟು ಇದು. ಅದನ್ನು ಹಿಡಿದವರು ನಮ್ಮ ಊರನ್ನೇ ನೋಡದ ಒಬ್ಬ ರಷ್ಯನ್.

ರಷ್ಯಾ ತೆರಿಗೆ ಒಪ್ಪಂದಗಳನ್ನೆಲ್ಲ ನಿಲ್ಲಿಸಿದೆಯಂತೆ ಅಂತ ಯಾರೋ ನನಗೆ ಹೆದರಿಸಿದ್ದರು. 2023ರ ಆಗಸ್ಟ್‌ನಲ್ಲಿ ನಿಲ್ಲಿಸಿದ್ದು ಅವರು 'ಸ್ನೇಹಿತರಲ್ಲ' ಅಂದುಕೊಂಡ 38 ದೇಶಗಳ ಜೊತೆಗಿನದ್ದು, ಅದರಲ್ಲಿ ಭಾರತ ಇಲ್ಲ. ಇದನ್ನು ಜೂನಿಯರ್ ಹುಡುಗ ವಾಟ್ಸಾಪ್‌ನಲ್ಲಿ ಎರಡು ಸಾಲಲ್ಲಿ ಹೇಳಿದ. ಬಿಲ್ ಹಾಕಲಿಲ್ಲ.

ಕೊರತೆ ಇಲ್ಲವೇ? ಇದೆ. ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ಮಧ್ಯಾಹ್ನದ ಊಟ ಆಗುವವರೆಗೆ ಯಾವ ಉತ್ತರವೂ ಬರಲ್ಲ. ಮೇಡಂ ಫೋನ್ ಎತ್ತುವುದು ಅಪರೂಪ. ಅನುವಾದದ ಖರ್ಚು ಎಷ್ಟಾಗುತ್ತೆ ಅಂತ ಮೊದಲೇ ಹೇಳಲಿಲ್ಲ, ಕೊನೆಗೆ 'ಇತರೆ' ಅಂತ 14 ಸಾವಿರ ಸೇರಿಸಿದರು. ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಹೊರದೇಶದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಹಾಕುವ ಫಾರಂ 67ರ ಕೆಲಸ ಅವರು ಮುಟ್ಟಲ್ಲ, ಅದನ್ನು ನಮ್ಮ ಆಡಿಟರೇ ಮಾಡಿದರು. ಎಲ್ಲಾ ಸೇರಿ 1.09 ಲಕ್ಷ, ಮೇಲೆ ಜಿಎಸ್‌ಟಿ. ಐದಕ್ಕೆ ನಾಲ್ಕು ಕೊಡ್ತೀನಿ. ಮೊದಲನೆಯವರಿಗೆ ಒಂದು, ಅದೂ ಕಾಫಿಗೆ.

75 ಸಾವಿರ ಇನ್ನೂ ಬಂದಿಲ್ಲ. ಆದರೆ 2026ರ ಜನವರಿ ಮೊದಲ ವಾರ ಮೇಡಂ ಕಡೆಯಿಂದ ಒಂದು ಮೇಲ್ ಬಂತು: ಅಲ್ಲಿ ವ್ಯಾಟ್ 22% ಆಗಿದೆ, ನಿಮ್ಮ ತಿದ್ದುಪಡಿಯಲ್ಲಿ 20 ಅಂತ ಅಂಕಿ ಹಾಕಿಲ್ಲ, 'ಆಗಿನ ದರ' ಅಂತ ಬರೆದಿದ್ದೇವೆ, ನೀವೇನೂ ಮಾಡಬೇಕಾಗಿಲ್ಲ.